ಪಂಚಾಯ್ತಿ ರೇಡಿಯೋ ಊರನ್ನು ಕೂಡಿಸಿತು, ಟ್ರಾನ್ಸಿಸ್ಟರ್ ಚದುರಿಸಿತು: ಈ ಮಾತು ಎಷ್ಟು ನಿಜ?

ಬೆಳವಲದವ:

ಎಲ್ಲರಿಗೂ ನಮಸ್ಕಾರ. ಹಾವೇರಿ ಜಿಲ್ಲೆಯ ನಮ್ಮೂರ ಸರಕಾರಿ ಶಾಲೆಗೆ ನೂರು ವರ್ಷ ತುಂಬುತ್ತಿದೆ. ಆ ನಿಮಿತ್ತ ಹೊರತರುತ್ತಿರುವ ಸ್ಮರಣ ಸಂಚಿಕೆಗೆ ಊರಿನ ಬದುಕು ಬದಲಾದ ಬಗೆಯನ್ನು ಕುರಿತು ಒಂದು ಲೇಖನ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ. ರಸ್ತೆ, ಕರೆಂಟು, ಬಸ್ಸು ಇವುಗಳ ಬಗ್ಗೆ ದಾಖಲೆಗಳೂ ನೆನಪುಗಳೂ ಧಾರಾಳವಾಗಿ ಸಿಕ್ಕಿವೆ. ತೊಡಕಾಗಿರುವುದು ರೇಡಿಯೋದ ವಿಷಯ.

ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿ ಅವರು 1935ರಲ್ಲಿ ತಮ್ಮ ಮನೆಯಲ್ಲೇ ಸಣ್ಣ ಪ್ರಸಾರ ಯಂತ್ರವಿಟ್ಟು 'ಆಕಾಶವಾಣಿ'ಯನ್ನು ಆರಂಭಿಸಿದ್ದು ಎಲ್ಲರಿಗೂ ತಿಳಿದ ಸಂಗತಿ. ಆದರೆ ನಮ್ಮ ಭಾಗದವರಿಗೆ ರೇಡಿಯೋ ಎಂದರೆ 1950ರ ಜನವರಿಯಲ್ಲಿ ಆರಂಭವಾದ ಧಾರವಾಡ ನಿಲಯ. ಆ ಬಳಿಕ ನಮ್ಮೂರ ಪಂಚಾಯ್ತಿಗೂ ಒಂದು ಸೆಟ್ಟು ಬಂತು. ಅದಕ್ಕೆ ಲೌಡ್‌ಸ್ಪೀಕರ್ ಜೋಡಿಸಿ ಚಾವಡಿಯ ಮಾಡಿಗೆ ಕಟ್ಟಿದ್ದರಂತೆ. ದೀಪ ಹಚ್ಚುವ ಹೊತ್ತಿಗೆ ಜನ ಕಂಬಳಿ ಹೊದ್ದು ಬಂದು ಕಟ್ಟೆಯ ಮೇಲೆ ಕೂತು ವಾರ್ತೆ, ಪೇಟೆ ಧಾರಣೆ ಮತ್ತು ರೈತರ ಕಾರ್ಯಕ್ರಮ ಕೇಳಿ, ಅದರ ಮೇಲೆ ಒಂದು ತಾಸು ಮಾತಾಡಿ ಏಳುತ್ತಿದ್ದರೆಂದು ಮೂರು ಜನ ಹಿರಿಯರು ಹೇಳಿದ್ದಾರೆ. ಅವರಲ್ಲೊಬ್ಬರ ಮಾತು ಹೀಗಿತ್ತು: "ಪಂಚಾಯ್ತಿ ರೇಡಿಯೋ ಊರು ಕೂಡಿಸಿತ್ತು, ಟ್ರಾನ್ಸಿಸ್ಟರ್ ಬಂದು ಚದುರಿಸಿತು." ಲೇಖನವನ್ನು ಇದೇ ಮಾತಿನಿಂದ ಆರಂಭಿಸಬೇಕೆಂದಿದ್ದೇನೆ. ಆದರೆ ಮೂವರ ನೆನಪನ್ನು ನಂಬಿ ಇಡೀ ಊರಿನ ಪರವಾಗಿ ಇಷ್ಟು ದೊಡ್ಡ ಮಾತು ಬರೆಯಲು ಧೈರ್ಯ ಸಾಲುತ್ತಿಲ್ಲ. ಆ ಕಾಲವನ್ನು ಕಂಡವರು ಅಥವಾ ಈ ವಿಷಯ ಬಲ್ಲವರು ತಿದ್ದಬೇಕಾಗಿ ವಿನಂತಿ.

ನಿವೃತ್ತ ಮೇಷ್ಟ್ರು:

ತಮ್ಮ ಹಿರಿಯರ ಮಾತಿನಲ್ಲಿ ಅರ್ಧ ಸತ್ಯವಿದೆ. ಆದರೆ ಕೂಡಿ ಕೇಳಿದ್ದಕ್ಕಿಂತ ಹೆಚ್ಚಾಗಿ, ಒಂದೇ ಹೊತ್ತಿಗೆ ಕೇಳಿದ್ದರಿಂದ ನಮ್ಮ ಬದುಕು ಬದಲಾಯಿತೆಂದು ನನಗೆ ತೋರುತ್ತದೆ.

ನಮ್ಮದು ತುಮಕೂರು ಕಡೆಯ ಹಳ್ಳಿ. ತಂದೆಯವರು 1964ರಲ್ಲಿ ವಾಲ್ವಿನ ಒಂದು ಹಳೆಯ ಸೆಟ್ಟು ಕೊಂಡು ತಂದು ನಡುಮನೆಯ ಗೋಡೆಗೆ ಎತ್ತರದಲ್ಲಿ ಹಲಗೆ ಹೊಡೆಸಿ ಇಟ್ಟರು. ಅಮ್ಮ ಅದಕ್ಕೊಂದು ಕಸೂತಿಯ ಮುಸುಕು ಹಾಕಿದರು. ಗುಂಡಿ ತಿರುಗಿಸಿದ ಕೂಡಲೇ ಅದು ಮಾತಾಡುತ್ತಿರಲಿಲ್ಲ. ಒಳಗಿನ ವಾಲ್ವುಗಳು ಕಾದು ಕೆಂಪಾಗುವವರೆಗೆ ಕಾಯಬೇಕಿತ್ತು, ಆಮೇಲೆ ಎಲ್ಲೋ ಬಾವಿಯೊಳಗಿಂದ ಎದ್ದು ಬರುವಂತೆ ದನಿ ಮೆಲ್ಲಗೆ ಮೇಲೇರುತ್ತಿತ್ತು. ಆದ್ದರಿಂದ ವಾರ್ತೆಗೆ ಎರಡು ನಿಮಿಷ ಮೊದಲೇ ಗುಂಡಿ ತಿರುಗಿಸುವುದು ನನ್ನ ಕೆಲಸವಾಗಿತ್ತು. ವಾರ್ತೆಗೆ ಮೊದಲು ಬರುವ ಟಿಕ್ ಟಿಕ್ ಸದ್ದಿಗೆ ತಂದೆಯವರು ಗೋಡೆ ಗಡಿಯಾರದ ಮುಳ್ಳು ಸರಿಪಡಿಸಿ ಕೀ ಕೊಡುತ್ತಿದ್ದರು. ಅದಕ್ಕೆ ಮೊದಲು ನಮ್ಮೂರಿನಲ್ಲಿ ಹೊತ್ತು ಎಂದರೆ ದನ ಬಿಡುವ ಹೊತ್ತು, ಮಾರು ಹೊತ್ತು, ದೀಪ ಹಚ್ಚುವ ಹೊತ್ತು, ಇಷ್ಟೇ. ರೇಡಿಯೋ ಬಂದ ಮೇಲೆ 'ಏಳು ಮೂವತ್ತೈದು' ಎಂಬುದೂ ಒಂದು ಹೊತ್ತಾಯಿತು, ಏಕೆಂದರೆ ದೆಹಲಿಯಿಂದ ಕನ್ನಡ ವಾರ್ತೆ ಬರುತ್ತಿದ್ದುದು ಆಗ. ಮುಂದೆ ಎಪ್ಪತ್ತರ ದಶಕದಲ್ಲಿ ಸಂಸ್ಕೃತ ವಾರ್ತೆ ಆರಂಭವಾದಾಗ ಅದರ ಅರ್ಥ ತಿಳಿದವರು ಊರಿನಲ್ಲಿ ಇಬ್ಬರಿದ್ದರೆ ಹೆಚ್ಚು. ಆದರೆ ಅದು ಕಿವಿಗೆ ಬಿದ್ದೊಡನೆ ಇಡೀ ಬೀದಿಗೆ ಏಳು ಗಂಟೆಯಾಗುತ್ತ ಬಂತೆಂದು ತಿಳಿಯುತ್ತಿತ್ತು, ಹಂಡೆ ಒಲೆಗೆ ಇನ್ನೊಂದು ಕೊರಡು ಬೀಳುತ್ತಿತ್ತು.

ಲೈಸೆನ್ಸ್ ವಿಷಯವನ್ನೂ ಲೇಖನದಲ್ಲಿ ಸೇರಿಸಿ. ರೇಡಿಯೋ ಇಟ್ಟುಕೊಳ್ಳಲು ಪೋಸ್ಟ್ ಆಫೀಸಿಗೆ ವರ್ಷ ವರ್ಷ ಶುಲ್ಕ ಕಟ್ಟಿ ಪುಸ್ತಕದಲ್ಲಿ ಗುರುತು ಹಾಕಿಸಿಕೊಳ್ಳಬೇಕಿತ್ತು. ಎಂಬತ್ತರ ದಶಕದಲ್ಲಿ ಅದು ರದ್ದಾಯಿತೆಂದರೆ ಇಂದಿನ ಮಕ್ಕಳು ನಂಬುವುದಿಲ್ಲ.

ತಮಟೆ:

ಮೇಷ್ಟ್ರ ನಡುಮನೆ ಕಣ್ಣಿಗೆ ಕಟ್ಟುವಂತಿದೆ. ಆದರೆ ಬೆಳವಲದವರಿಗೆ ನನ್ನದೊಂದು ಪ್ರಶ್ನೆಯಿದೆ. ಪಂಚಾಯ್ತಿ ಕಟ್ಟೆಯ ಮೇಲೆ ಯಾರು ಕೂತಿದ್ದರು ಎಂದು ಆ ಮೂವರು ಹಿರಿಯರನ್ನು ಕೇಳಿದ್ದೀರಾ?

ನಮ್ಮ ತಂದೆಯೂ ಅಂಥದ್ದೇ ಒಂದು ರೇಡಿಯೋ ಕೇಳಿದವರು. ಅವರು ಕೂತು ಕೇಳಲಿಲ್ಲ. ಕಟ್ಟೆಯಿಂದ ಹತ್ತು ಮಾರು ದೂರದಲ್ಲಿ, ಗೌಡರ ಹಿತ್ತಿಲ ಬೇಲಿಗೆ ಒರಗಿ ನಿಂತು ಕೇಳಿದರು. ದನಿಗೆ ಮಡಿ ಮೈಲಿಗೆ ಇಲ್ಲವಾದ್ದರಿಂದ ಅದು ಬೇಲಿಯವರೆಗೂ ಬರುತ್ತಿತ್ತು. ಆದರೆ ವಾರ್ತೆ ಮುಗಿದ ಮೇಲೆ ಒಂದು ತಾಸು ನಡೆಯುತ್ತಿತ್ತು ಎಂದಿರಲ್ಲ, ಆ ಮಾತುಕತೆಯಲ್ಲಿ ಬೇಲಿಯ ಬಳಿ ನಿಂತವರಿಗೆ ಪಾಲಿರಲಿಲ್ಲ. ಯಾವ ನಿಲಯ ಹಾಕಬೇಕು, ಎಷ್ಟು ಹೊತ್ತಿಗೆ ಆರಿಸಬೇಕು ಎಂಬುದನ್ನು ಕೇಳುವಂತೆಯೂ ಇರಲಿಲ್ಲ. ರೇಡಿಯೋದ ಕಿವಿ ಹಿಂಡುವ ಹಕ್ಕು ಒಂದೇ ಮನೆತನದ ಕೈಯಲ್ಲಿತ್ತು. ಹೆಂಗಸರ ಮಾತು ಇನ್ನೂ ದೂರ. ಕೇರಿ ಯಾವುದೇ ಇರಲಿ, ಆ ಕಟ್ಟೆಗೆ ಹೆಣ್ಣುಮಕ್ಕಳು ಬಂದು ಕೂತ ನೆನಪು ನಮ್ಮೂರಿನಲ್ಲಿ ಯಾರಿಗೂ ಇಲ್ಲ.

1972ರಲ್ಲಿ ತಂದೆ ಬೆಂಗಳೂರಿನ ಕಟ್ಟಡ ಕೆಲಸದಿಂದ ಊರಿಗೆ ಬರುವಾಗ ಚರ್ಮದ ಚೀಲವಿದ್ದ ಒಂದು ಟ್ರಾನ್ಸಿಸ್ಟರ್ ತಂದರು. ಅದರ ಚೀಲದ ಪಟ್ಟಿಯನ್ನು ಹೆಗಲಿಗೆ ಹಾಕಿಕೊಂಡು ಊರ ನಡುಬೀದಿಯಲ್ಲೇ ನಡೆದು ಬಂದರಂತೆ. ಅದನ್ನು ಹೇಳುವಾಗ ಅವರು ಈಗಲೂ ನಗುತ್ತಾರೆ. ಸೆಲ್ಲು ಮುಗಿದರೆ ಹೊಸದಕ್ಕೆ ದುಡ್ಡಿರುತ್ತಿರಲಿಲ್ಲ. ಮೂರೂ ಸೆಲ್ಲುಗಳನ್ನು ತೆಗೆದು ಮಾಡಿನ ಹೆಂಚಿನ ಮೇಲೆ ಬಿಸಿಲಿಗಿಟ್ಟು, ಸಂಜೆ ಮತ್ತೆ ಹಾಕಿದರೆ ಅರ್ಧ ಗಂಟೆ ಜೀವ ಬರುತ್ತಿತ್ತು. ಆ ಅರ್ಧ ಗಂಟೆಯನ್ನು ವಾರ್ತೆಗೆ ಕೊಡಬೇಕೋ ಹಾಡಿಗೆ ಕೊಡಬೇಕೋ ಎಂದು ಮನೆಯಲ್ಲಿ ದಿನವೂ ಜಗಳ. ನಮ್ಮ ಅಜ್ಜಿ ತನ್ನ ಬದುಕಿನಲ್ಲಿ ಮೊದಲ ಬಾರಿಗೆ 'ಇದು ಬೇಡ, ಅದು ಹಾಕು' ಎಂದದ್ದು ಆ ಪೆಟ್ಟಿಗೆಗೆ. ನಿಮ್ಮ ಹಿರಿಯರು ಯಾವುದನ್ನು ಚದುರುವುದು ಎನ್ನುತ್ತಾರೋ ಅದನ್ನು ನಮ್ಮ ಕೇರಿಯವರು ಬೇರೆ ಹೆಸರಿನಿಂದ ಕರೆದಾರು.

ಇನ್ನೊಂದು ಮಾತು. ಕಿವಿ ಹಿಂಡುವ ಈ ಹಕ್ಕಿಗೆ ಸರಕಾರವೂ ಮಣಿದಿದೆ. 1952ರಿಂದ ಪ್ರಸಾರ ಖಾತೆ ನೋಡಿಕೊಂಡಿದ್ದ ಬಿ.ವಿ. ಕೇಸ್ಕರ್ ಅವರು ಚಿತ್ರಗೀತೆಗಳನ್ನು ಆಕಾಶವಾಣಿಯಿಂದ ದೂರವಿಡಲು ಹೊರಟಾಗ ದೇಶದ ಕೇಳುಗರು ಸದ್ದಿಲ್ಲದೆ ಮುಳ್ಳನ್ನು ಚಿತ್ರಗೀತೆ ಹಾಕುತ್ತಿದ್ದ ಶ್ರೀಲಂಕಾದ ರೇಡಿಯೋ ಸಿಲೋನ್ ಕಡೆಗೆ ತಿರುಗಿಸಿದರು. ಕೊನೆಗೆ 1957ರಲ್ಲಿ ಆಕಾಶವಾಣಿಯೇ ಚಿತ್ರಗೀತೆಗಳಿದ್ದ ವಿವಿಧ ಭಾರತಿ ಆರಂಭಿಸಬೇಕಾಯಿತು.

ಹೊಲ ಮತ್ತು ರೇಡಿಯೋ:

ನಾನು ಕೃಷಿ ಇಲಾಖೆಯಲ್ಲಿ ಬಹುಕಾಲ ದುಡಿದವನು. ತಮಟೆಯವರ ಆಕ್ಷೇಪ ಸರಿಯಾದದ್ದೇ. ಆದರೂ ಕೂಡಿ ಕೇಳುವುದರ ಪರವಾಗಿ ಒಂದು ಗಟ್ಟಿ ಸಾಕ್ಷ್ಯವಿದೆ, ಅದನ್ನು ಇಲ್ಲಿ ಇಡುತ್ತೇನೆ.

1956ರಲ್ಲಿ ಆಗಿನ ಮುಂಬಯಿ ರಾಜ್ಯದ ಮರಾಠಿ ಭಾಗದ ಐದು ಜಿಲ್ಲೆಗಳಲ್ಲಿ, ಯುನೆಸ್ಕೋದ ನೆರವಿನಿಂದ, ಸುಮಾರು 150 ಹಳ್ಳಿಗಳಲ್ಲಿ ರೇಡಿಯೋ ರೈತ ಕೂಟಗಳನ್ನು ಕಟ್ಟಿ ಒಂದು ಪ್ರಯೋಗ ಮಾಡಿದರು. ಪುಣೆ ನಿಲಯದಿಂದ ವಾರಕ್ಕೆ ಎರಡರಂತೆ ಹತ್ತು ವಾರಗಳಲ್ಲಿ 20 ಕಾರ್ಯಕ್ರಮಗಳು ಪ್ರಸಾರವಾದವು. ಪ್ರತಿ ಊರಿನಲ್ಲೂ ಹದಿನೈದು ಇಪ್ಪತ್ತು ಜನ ಕೂತು ಕೇಳಿ, ಚರ್ಚಿಸಿ, ತಮ್ಮ ಪ್ರಶ್ನೆಗಳನ್ನು ನಿಲಯಕ್ಕೆ ಬರೆದು ಕಳಿಸಿದರು. ಆ ಪ್ರಶ್ನೆಗಳಿಗೆ ಮುಂದಿನ ಪ್ರಸಾರಗಳಲ್ಲಿ ಉತ್ತರ ಸಿಗುತ್ತಿತ್ತು. ಸಮಾಜಶಾಸ್ತ್ರಜ್ಞ ಪಾಲ್ ನ್ಯೂರಾತ್ ಇದರ ಪರಿಣಾಮವನ್ನು ಅಳೆದಾಗ, ಕೂಟವಿದ್ದ ಹಳ್ಳಿಗಳ ಜನರ ತಿಳಿವಳಿಕೆ ಎದ್ದು ಕಾಣುವಷ್ಟು ಹೆಚ್ಚಿತ್ತು. ಕೂಟವಿಲ್ಲದೆ ಬರಿಯ ರೇಡಿಯೋ ಇದ್ದ ಹಳ್ಳಿಗಳಲ್ಲಿ ಅಷ್ಟು ಬದಲಾವಣೆ ಕಾಣಲಿಲ್ಲ. ಎಂದರೆ ಕೆಲಸ ಮಾಡಿದ್ದು ಪೆಟ್ಟಿಗೆಯೊಂದೇ ಅಲ್ಲ, ಪೆಟ್ಟಿಗೆಯ ಮುಂದಿನ ಮಾತು.

ಈ ಪದ್ಧತಿಯನ್ನು 1959ರಿಂದ ದೇಶದ ಬೇರೆ ಭಾಗಗಳಿಗೂ ಹಬ್ಬಿಸಿದರು. ಮುಂದೆ ತಂಜಾವೂರು ಸೀಮೆಯಲ್ಲಿ ಎಡಿಟಿ-27 ಎಂಬ ಭತ್ತದ ತಳಿ ರೇಡಿಯೋ ಮೂಲಕವೇ ಮನೆಮಾತಾಗಿ, ರೈತರು ಅದನ್ನು 'ರೇಡಿಯೋ ಭತ್ತ' ಎಂದೇ ಕರೆದರು. ಆದರೆ ಕೂಟಗಳು ಬಹಳ ಕಡೆ ನಿಲ್ಲಲಿಲ್ಲ. ನಾನು ಇಲಾಖೆಗೆ ಸೇರಿದ ಹೊತ್ತಿಗೆ ನಾನು ಕಂಡ ಪಂಚಾಯ್ತಿ ಸೆಟ್ಟುಗಳಲ್ಲಿ ಹೆಚ್ಚಿನವು ಬೀರುವಿನೊಳಗಿದ್ದವು. ಕೆಟ್ಟರೆ ರಿಪೇರಿ ಯಾರು ಮಾಡಿಸಬೇಕು, ಬ್ಯಾಟರಿಗೆ ಯಾರು ದುಡ್ಡು ಕೊಡಬೇಕು ಎಂಬುದು ತೀರ್ಮಾನವಾಗದೆ ಅವು ಮೂಕವಾಗಿದ್ದವು. ಆದ್ದರಿಂದ 'ಟ್ರಾನ್ಸಿಸ್ಟರ್ ಬಂದು ಚದುರಿಸಿತು' ಎಂದು ಬರೆಯುವ ಮೊದಲು ನಿಮ್ಮೂರ ಸೆಟ್ಟು ಯಾವಾಗ ಕೆಟ್ಟಿತು ಎಂಬುದನ್ನು ದಯವಿಟ್ಟು ವಿಚಾರಿಸಿ. ಟ್ರಾನ್ಸಿಸ್ಟರ್ ಬರುವುದಕ್ಕೂ ಮೊದಲೇ ಕಟ್ಟೆ ಖಾಲಿಯಾಗಿದ್ದಿರಬಹುದು.

ಹವಾಮಾನದ ಬಗ್ಗೆ ಒಂದು ಮಾತು ಹೇಳದೆ ಇರಲಾರೆ. 'ಒಂದೆರಡು ಕಡೆ ಗುಡುಗು ಸಹಿತ ಮಳೆ, ಉಳಿದೆಡೆ ಒಣಹವೆ' ಎಂದು ರೇಡಿಯೋ ಹೇಳಿದರೆ, ನಮ್ಮ ರೈತರು ಆ ಒಂದೆರಡು ಕಡೆ ಯಾವತ್ತೂ ಪಕ್ಕದ ತಾಲ್ಲೂಕಿನಲ್ಲೇ ಇರುತ್ತದೆ ಎನ್ನುತ್ತಿದ್ದರು. ನಗುತ್ತಿದ್ದರೂ ಮರುದಿನ ಅದನ್ನೇ ಕೇಳಲು ಬರುತ್ತಿದ್ದರು.

ಕಡಲತಡಿ:

ಚಿಕ್ಕದಾಗಿ ಹೇಳುತ್ತೇನೆ. ಭಾಷೆಯ ವಿಷಯ ಬಿಟ್ಟುಹೋಗಿದೆ. ಧಾರವಾಡ ನಿಲಯ ಆರಂಭವಾದಾಗ ಧಾರವಾಡ ಇನ್ನೂ ಮುಂಬಯಿ ರಾಜ್ಯದಲ್ಲಿತ್ತು. ಏಕೀಕರಣಕ್ಕೆ ಆರು ವರ್ಷಕ್ಕೂ ಹೆಚ್ಚು ಕಾಲ ಬಾಕಿಯಿತ್ತು. ಬೇರೆ ಬೇರೆ ಆಡಳಿತಗಳಲ್ಲಿ ಹಂಚಿಹೋಗಿದ್ದ ಕನ್ನಡಿಗರಿಗೆ ಪರಸ್ಪರರ ಕನ್ನಡವನ್ನು ಕೇಳಿಸಿದ್ದರಲ್ಲಿ ಬಾನುಲಿಯ ಪಾಲು ದೊಡ್ಡದು. ಬೇಂದ್ರೆಯವರು ಐವತ್ತರ ದಶಕದ ನಡುವಿನಿಂದ ಆ ನಿಲಯಕ್ಕೆ ಸಲಹೆಗಾರರಾಗಿದ್ದರು, ಮಲ್ಲಿಕಾರ್ಜುನ ಮನಸೂರರು ಸಂಗೀತದ ಸಲಹೆಗಾರರಾಗಿದ್ದರು. ಅಂಥವರು ಕೂತು ರೂಪಿಸಿದ್ದು ಹಳ್ಳಿಯ ಕಟ್ಟೆಗೆ ಪುಕ್ಕಟೆಯಾಗಿ ಬಂದು ಬೀಳುತ್ತಿತ್ತು. 'ವೀಕ್ಷಕ ವಿವರಣೆ', 'ನೇರ ಪ್ರಸಾರ', 'ಉದ್ಘೋಷಕಿ' ಮುಂತಾದ ಮಾತುಗಳು ಶಾಲೆಯ ಮುಖ ಕಾಣದವರ ಬಾಯಿಗೂ ಬಂದದ್ದು ರೇಡಿಯೋದಿಂದಲೇ.

ಆದರೆ ವಾರ್ತೆಯ ಕನ್ನಡವೇ ಶುದ್ಧ, ಮನೆಯ ಮಾತು ಕೀಳು ಎಂಬ ಭಾವನೆಯನ್ನೂ ಅದೇ ಪೆಟ್ಟಿಗೆ ಬಿತ್ತಿತು. 1976ರಲ್ಲಿ ಮಂಗಳೂರು ನಿಲಯ ಆರಂಭವಾದ ಬಳಿಕ ತುಳು, ಕೊಂಕಣಿ ಮಾತುಗಳು ರೇಡಿಯೋದಿಂದ ಕೇಳಿಬಂದಾಗ ನಮ್ಮ ದೊಡ್ಡಮ್ಮ ಮಾಡುತ್ತಿದ್ದ ಕೆಲಸ ಬಿಟ್ಟು ಬೀಡಿ ಎಲೆಯ ತಡ್ಪೆಯನ್ನು (ಮೊರವನ್ನು) ಕೈಯಲ್ಲಿ ಹಿಡಿದೇ ಒಳಗೆ ಬಂದು, ಯಾರೋ ನೆಂಟರು ಬಂದಿದ್ದಾರೆಂದು ಸುತ್ತಲೂ ನೋಡಿದ್ದರು.

ಬೆಳವಲದವ:

ಎಲ್ಲರಿಗೂ ಕೃತಜ್ಞತೆಗಳು. ತಮಟೆಯವರ ಪ್ರಶ್ನೆಯನ್ನು ಹಿಡಿದು ನಿನ್ನೆ ಸಂಜೆ ಆ ಹಿರಿಯರಲ್ಲಿ ಇಬ್ಬರ ಬಳಿಗೆ ಮತ್ತೆ ಹೋಗಿದ್ದೆ. ಕಟ್ಟೆಯ ಮೇಲೆ ಯಾರ್ಯಾರು ಕೂಡುತ್ತಿದ್ದರು ಎಂದು ಕೇಳಿದಾಗ ಅವರು 'ಎಲ್ಲರೂ' ಎಂದರು. ಹೆಸರು ಹೇಳಿ ಎಂದಾಗ ಎಣಿಸುತ್ತ ಹೋಗಿ ಹದಿನಾಲ್ಕಕ್ಕೆ ನಿಂತರು. ಹದಿನಾಲ್ಕೂ ಎರಡೇ ಓಣಿಯ ಹೆಸರುಗಳು. ಅವರಲ್ಲಿ ಒಬ್ಬರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಉಳಿದವರು ಬಾವಿ ಕಡೆ ನಿಂದರತಿದ್ದರು, ಅಲ್ಲಿಗೂ ಕೇಳಸತಿತ್ತು" ಎಂದರು.

ಸೆಟ್ಟು ಕೆಟ್ಟ ವರ್ಷ ಇಬ್ಬರಿಗೂ ನೆನಪಿಲ್ಲ. ಪಂಚಾಯ್ತಿಯ ಹಳೆಯ ಜಮಾಖರ್ಚು ಪುಸ್ತಕಗಳನ್ನು ನೋಡಲು ಅನುಮತಿ ಕೇಳಿದ್ದೇನೆ. ಬ್ಯಾಟರಿ ಅಥವಾ ರಿಪೇರಿಯ ಖರ್ಚು ಬರೆಯುವುದು ಯಾವ ವರ್ಷ ನಿಂತಿದೆಯೋ ನೋಡಬೇಕು.

ತಮಟೆ:

ಬಾವಿ ಕಡೆ ನಿಂತವರಲ್ಲಿ ಬದುಕಿರುವವರು ಇದ್ದರೆ ಅವರ ಬಳಿಯೂ ಕೂತು ಬರೆದುಕೊಳ್ಳಿ. ಟ್ರಾನ್ಸಿಸ್ಟರ್ ಮೊದಲು ಯಾರ ಮನೆಗೆ ಬಂತು, ದುಡ್ಡು ಎಲ್ಲಿಂದ ಬಂತು ಎಂಬುದನ್ನು ಅವರು ನಿಖರವಾಗಿ ಹೇಳುತ್ತಾರೆ.

ಹೊಲ ಮತ್ತು ರೇಡಿಯೋ:

ನಿಮ್ಮ ಲೇಖನ ಇಂದಿನವರೆಗೆ ಬರುವುದಾದರೆ ಕೋಲಾರ ಜಿಲ್ಲೆಯ ಬೂದಿಕೋಟೆಯನ್ನು ಮರೆಯಬೇಡಿ. ಪ್ರಸಾರದ ತರಂಗಗಳು ಸಾರ್ವಜನಿಕರ ಆಸ್ತಿ ಎಂದು ಸುಪ್ರೀಂ ಕೋರ್ಟು 1995ರಲ್ಲೇ ಹೇಳಿದ್ದರೂ, ಹಳ್ಳಿಯ ಜನ ಸ್ವಂತ ನಿಲಯ ನಡೆಸಲು ಪರವಾನಗಿ ಸಿಗುತ್ತಿರಲಿಲ್ಲ. ಆಗ ಅಲ್ಲಿನ 'ನಮ್ಮ ಧ್ವನಿ' ತಂಡದವರು ಊರಿನವರೇ ಮಾಡಿದ ಕಾರ್ಯಕ್ರಮಗಳನ್ನು ಟಿವಿ ಕೇಬಲ್ಲಿನ ತಂತಿಯಲ್ಲಿ ಮನೆಮನೆಗೆ ಕಳಿಸಿದರು. ಸ್ವಯಂಸೇವಾ ಸಂಸ್ಥೆಗಳಿಗೂ ಸಮುದಾಯ ಬಾನುಲಿಗೆ ಅವಕಾಶ ಕೊಡುವ ನೀತಿ ಬಂದದ್ದು 2006ರ ಕೊನೆಗೆ. ಸ್ತ್ರೀಶಕ್ತಿ ಸಂಘದ ಹೆಣ್ಣುಮಗಳೊಬ್ಬಳು ಮೈಕಿನ ಮುಂದೆ ಕೂತು ತನ್ನೂರ ನೀರಿನ ವಿಷಯ ಮಾತಾಡುವುದಕ್ಕೂ, ನಿಮ್ಮೂರಿನಲ್ಲಿ ಬಾವಿ ಕಡೆ ನಿಂತು ಕೇಳುತ್ತಿದ್ದುದಕ್ಕೂ ನಡುವೆ ಸುಮಾರು ಐವತ್ತು ವರ್ಷಗಳ ಅಂತರವಿದೆ.

ನಿವೃತ್ತ ಮೇಷ್ಟ್ರು:

ಜಮಾಖರ್ಚಿನಲ್ಲಿ ಏನು ಸಿಕ್ಕಿತು ಎಂಬುದನ್ನು ಇಲ್ಲಿ ಬರೆಯಿರಿ. ನಮ್ಮ ಮನೆಯ ಸೆಟ್ಟಿನ ಮಟ್ಟಿಗೆ ಹೇಳುವುದಾದರೆ, 1979ರಲ್ಲಿ ಅದರ ಒಂದು ವಾಲ್ವು ಸುಟ್ಟುಹೋಯಿತು, ಬದಲಿ ಸಿಗಲಿಲ್ಲ. ಮುಸುಕು ಮಾತ್ರ ಇನ್ನೂ ಇದೆ, ಅದನ್ನು ಈಗ ಟಿವಿಯ ರಿಮೋಟು ಇಡುವ ಸ್ಟೂಲಿಗೆ ಹಾಸಿದ್ದಾರೆ.