ಬೆಂಗಳೂರು–ಫ್ರಾಂಕ್‌ಫರ್ಟ್ ಓಡಾಟಕ್ಕೆ ಯಾವ ಏರ್‌ಲೈನ್ ಕಾರ್ಡ್ ಸರಿ?

ಕಿಟಕಿ ಸೀಟು: ಆಫೀಸಿನವರು ಎರಡು ತಿಂಗಳಿಗೊಮ್ಮೆ ಫ್ರಾಂಕ್‌ಫರ್ಟ್‌ಗೆ ಕಳಿಸುತ್ತಾರೆ. ಲುಫ್ತಾನ್ಸಾ, ಎಕಾನಮಿ. ನಡುವೆ ಆಗಾಗ ದೆಹಲಿ. ಲೌಂಜ್ ಸಿಗಬೇಕು, ಲಗೇಜು ಸ್ವಲ್ಪ ಜಾಸ್ತಿ ಬಿಡಬೇಕು, ಅಷ್ಟೇ ಆಸೆ. ಲುಫ್ತಾನ್ಸಾದ್ದೇ ಸದಸ್ಯತ್ವ ಯೋಜನೆ ಮೈಲ್ಸ್ ಆ್ಯಂಡ್ ಮೋರ್ ಸೇರಿಬಿಡಲಾ?

ಹಳೇ ಸೂಟ್‌ಕೇಸ್: ಬೇಡ. 2024ರಿಂದ ಅಲ್ಲಿ ಪಾಯಿಂಟ್ ಲೆಕ್ಕ. ಖಂಡ ದಾಟುವ ಎಕಾನಮಿ ಫ್ಲೈಟಿಗೆ 15, ಹೋಗಿ ಬಂದರೆ 30. ನೀವು ಕೇಳುವ ಲೌಂಜ್, ಲಗೇಜು ಬರುವುದು ಸ್ಟಾರ್ ಅಲಯನ್ಸ್ (ಲುಫ್ತಾನ್ಸಾ ಇರುವ ಏರ್‌ಲೈನ್‌ಗಳ ಕೂಟ) ಗೋಲ್ಡ್ ದರ್ಜೆಗೆ. ಅದು ಸಿಗುವುದು ಅಲ್ಲಿ ಸೆನೇಟರ್ ಮಟ್ಟ ಮುಟ್ಟಿದರೆ, ಅದಕ್ಕೆ ವರ್ಷಕ್ಕೆ 2,000 ಬೇಕು. ಕೆಳಗಿನ ಫ್ರೀಕ್ವೆಂಟ್ ಟ್ರಾವೆಲರ್‌ಗೇ 650. ನಿಮಗೆ ಆಗುವುದು 180. ಬಿಸಿನೆಸ್ ಕ್ಲಾಸಿಗೆ ಒಂದು ಕಡೆಗೇ 50 ಕೊಡುತ್ತಾರೆ. ಅದು ಅವರಿಗಾಗಿ ಮಾಡಿದ ಸ್ಕೀಮು ಮಾರಾಯ್ರೆ.

ಕಿಟಕಿ ಸೀಟು: ಲುಫ್ತಾನ್ಸಾದಲ್ಲಿ ಹೋಗಿ ಬೇರೆಯವರ ಖಾತೆಗೆ ಹಾಕಿಸಬಹುದಾ?

ಹಳೇ ಸೂಟ್‌ಕೇಸ್: ಧಾರಾಳವಾಗಿ. ಸ್ಟಾರ್ ಅಲಯನ್ಸ್‌ನ ಯಾವ ಕಂಪನಿಯ ನಂಬರ್ ಕೊಟ್ಟರೂ ನಡೆಯುತ್ತದೆ. ಸಿಂಗಾಪುರ್ ಏರ್‌ಲೈನ್ಸ್‌ನ ಯೋಜನೆ ಕ್ರಿಸ್‌ಫ್ಲೈಯರ್‌ನಲ್ಲಿ 12 ತಿಂಗಳಿಗೆ 50,000 ಎಲೀಟ್ ಮೈಲ್ಸ್ (ದರ್ಜೆಗೆ ಲೆಕ್ಕವಾಗುವ ಮೈಲಿ) ಆದರೆ ಸ್ಟಾರ್ ಗೋಲ್ಡ್. ಬೆಂಗಳೂರಿನಿಂದ ಫ್ರಾಂಕ್‌ಫರ್ಟ್ ಸುಮಾರು 4,600 ಮೈಲಿ. ಆರು ಸಲ ಹೋಗಿ ಬಂದರೆ 55,000!

ಟಿಕೆಟ್ ಕೌಂಟರ್: ಪೂರ್ತಿ ಮೈಲಿ ಕೊಟ್ಟರೆ ತಾನೇ? ಟಿಕೆಟ್ ಮೇಲೆ ಬುಕಿಂಗ್ ಕ್ಲಾಸ್ ಅಂತ ಒಂದು ಅಕ್ಷರ ಇರುತ್ತದೆ. ದುಬಾರಿ ಎಕಾನಮಿಗೆ ನೂರಕ್ಕೆ ನೂರು, ಅಗ್ಗದ್ದಕ್ಕೆ ಅರ್ಧವೋ ಕಾಲೋ, ಕೆಲವಕ್ಕೆ ಸೊನ್ನೆ. ಆಫೀಸಿನ ಟ್ರಾವೆಲ್ ಡೆಸ್ಕ್ ಹುಡುಕುವುದು ಅಗ್ಗದ್ದನ್ನೇ. ಆ ಅಕ್ಷರ ನೋಡದೆ ಲೆಕ್ಕ ಹಾಕಬೇಡಿ.

ಮೈಸೂರ್‌ಪಾಕ್: ಏರ್ ಇಂಡಿಯಾವನ್ನು ಯಾರೂ ನೆನೆಯಲೇ ಇಲ್ಲವಲ್ಲ. ಅದೂ ಸ್ಟಾರ್ ಅಲಯನ್ಸೇ. ವಿಸ್ತಾರಾ 2024ರ ನವೆಂಬರ್ 12ಕ್ಕೆ ಅದರಲ್ಲಿ ಸೇರಿದ ಮೇಲೆ ಎಲ್ಲ ಏರ್ ಇಂಡಿಯಾದ ಯೋಜನೆ ಮಹಾರಾಜ ಕ್ಲಬ್‌ನಲ್ಲಿದೆ. ದೆಹಲಿ ಫ್ಲೈಟೂ ಲೆಕ್ಕಕ್ಕೆ ಬರುತ್ತದೆ.

ಹಳೇ ಸೂಟ್‌ಕೇಸ್: ಏರ್ ಇಂಡಿಯಾದಲ್ಲಿ ಹೋಗಿ ಕ್ರಿಸ್‌ಫ್ಲೈಯರ್‌ಗೂ ಹಾಕಬಹುದು. ಇಂಡಿಗೋದಲ್ಲಿ ಹೋದರೆ ಅದು ಬೇರೆ ಸಂಸಾರ. ಅದರ ಪಾಯಿಂಟ್ ಬ್ಲೂಚಿಪ್ ಎಷ್ಟೇ ಕೂಡಿಸಿದರೂ ಸ್ಟಾರ್ ಗೋಲ್ಡ್ ಆಗುವುದಿಲ್ಲ.

ಜಿಗುಟು ಗಿರಾಕಿ: ಸುಮ್ನೆ ಯಾಕೆ ತಲೆನೋವು? ಒಳ್ಳೇ ಕ್ರೆಡಿಟ್ ಕಾರ್ಡ್ ಇದ್ದರೆ ಲೌಂಜ್‌ನಲ್ಲಿ ಉಪ್ಪಿಟ್ಟು ಸಿಗುತ್ತದೆ. ಇವರ ನಿಯಮ ಯಾವಾಗ ಬದಲಾಗುತ್ತದೋ ಹೇಳಲಾಗುವುದಿಲ್ಲ. ಬ್ರಿಟಿಷ್ ಏರ್‌ವೇಸ್‌ನಲ್ಲಿ 2025ರ ಏಪ್ರಿಲ್ 1ರಿಂದ ದುಡ್ಡು ಎಷ್ಟು ಸುರಿದಿರಿ ಅನ್ನುವುದರ ಮೇಲೆ ಸ್ಟೇಟಸ್. ಅದರ ಸ್ವಂತ ಟಿಕೆಟ್‌ನಲ್ಲಿ ದೂರಕ್ಕೆ ಬೆಲೆಯೇ ಇಲ್ಲ.

ರೈನ್ ದಂಡೆ: ಕ್ರೆಡಿಟ್ ಕಾರ್ಡ್ ಉಪ್ಪಿಟ್ಟು ಕೊಡುತ್ತದೆ, ಲಗೇಜು ಕೊಡುವುದಿಲ್ಲ ಗಿರಾಕಿಗಳೇ. ಸ್ಟಾರ್ ಗೋಲ್ಡ್‌ಗೆ ತೂಕದ ಲೆಕ್ಕವಾದರೆ 20 ಕೆಜಿ, ಪೆಟ್ಟಿಗೆ ಲೆಕ್ಕವಾದರೆ ಒಂದು ಪೆಟ್ಟಿಗೆ ಜಾಸ್ತಿ. ಊರಿಂದ ಚಟ್ನಿಪುಡಿ, ಹಪ್ಪಳ, ಸೋನಾ ಮಸೂರಿ ಹೊತ್ತು ತರುವವರನ್ನು ಕೇಳಿ ನೋಡಿ. ಅದೇ ಫ್ಲೈಟಿನಲ್ಲಿ ಜೊತೆಗಿರುವ ಒಬ್ಬರನ್ನು ಲೌಂಜ್‌ಗೂ ಕರೆದೊಯ್ಯಬಹುದು. ವಯಸ್ಸಾದ ಅಮ್ಮ ಜೊತೆಗಿದ್ದರೆ ಇದೇ ದೊಡ್ಡ ಉಪಕಾರ. ಇನ್ನೊಂದು ತಮಾಷೆ: ಸ್ಟಾರ್ ಅಲಯನ್ಸ್‌ನದೇ ಅಮೆರಿಕನ್ ಕಂಪನಿ ಯುನೈಟೆಡ್‌ನ ಸ್ವಂತ ಗೋಲ್ಡ್ ಸದಸ್ಯರಿಗೆ ಅಮೆರಿಕದೊಳಗಿನ ಪ್ರಯಾಣಕ್ಕೆ ಅದರದೇ ಲೌಂಜ್ ಇಲ್ಲ. ಸಿಂಗಾಪುರದ ಗೋಲ್ಡ್ ಕಾರ್ಡ್ ತೋರಿಸಿದವರನ್ನು ಒಳಗೆ ಬಿಡುತ್ತಾರೆ!

ಕಿಟಕಿ ಸೀಟು: ಹಳೇ ಟಿಕೆಟ್‌ಗಳನ್ನು ತೆಗೆದು ನೋಡಿದೆ. ಒಂದೊಂದರಲ್ಲಿ ಒಂದೊಂದು ಅಕ್ಷರ.

ಟಿಕೆಟ್ ಕೌಂಟರ್: ಪ್ರತಿ ಅಕ್ಷರಕ್ಕೂ ಎಷ್ಟು ಮೈಲಿ ಅಂತ ಕ್ರಿಸ್‌ಫ್ಲೈಯರ್ ಪಟ್ಟಿಯಲ್ಲಿದೆ. ಹೊಂದಿಸಿ ಕೂಡಿಸಿ. 50,000ದ ಹತ್ತಿರ ಬಂದರೆ ಸೇರಿಕೊಳ್ಳಿ. ಅರ್ಧಕ್ಕೇ ನಿಂತರೆ ಗಿರಾಕಿಯವರ ಕ್ರೆಡಿಟ್ ಕಾರ್ಡೇ ವಾಸಿ.

ಜಿಗುಟು ಗಿರಾಕಿ: ಉಪ್ಪಿಟ್ಟಿನ ಜೊತೆ ಕೆಲವು ಕಡೆ ಕೇಸರಿಬಾತೂ ಇರುತ್ತದೆ.