ಪೆಟ್ಟಿಗೆಯಲ್ಲಿದ್ದ ಐದು ತಾಮ್ರದ ಗಟ್ಟಿ

ನಮ್ಮ ಮನೆಯವರ ವಾಟ್ಸಾಪ್ ಗುಂಪಿನಲ್ಲಿ ಮೊನ್ನೆ ನಡೆದ ಮಾತುಕತೆ ಇದು. ಎಲ್ಲರನ್ನೂ ಕೇಳಿಯೇ ಇಲ್ಲಿ ಹಾಕುತ್ತಿದ್ದೇನೆ. ಚಿಕ್ಕಪ್ಪ, ಚಿಕ್ಕಮ್ಮ ಸೋಮವಾರಪೇಟೆಯ ತೋಟದ ಮನೆಯಲ್ಲಿ ಇದ್ದಾರೆ. ಅವರ ಮಗಳು ನಿಶಾ ಪೊನ್ನಂಪೇಟೆಯಲ್ಲಿ ಓದುತ್ತಿದ್ದಾಳೆ. ದೊಡ್ಡಪ್ಪನ ಮಗ ಚೇತನ್ ಮಡಿಕೇರಿಯಲ್ಲಿ, ನಾನು ಕುಶಾಲನಗರದಲ್ಲಿ. ಮಳೆಗಾಲದ ರಾತ್ರಿಗಳಲ್ಲಿ ಚಿಕ್ಕಮ್ಮನನ್ನು ಬಿಟ್ಟು ನಾವು ನಾಲ್ಕು ಜನ ಸ್ಟಾರ್‌ಡ್ಯೂ ವ್ಯಾಲಿ ಅನ್ನುವ ಬೇಸಾಯದ ವಿಡಿಯೋ ಆಟದಲ್ಲಿ ಒಂದೇ ತೋಟ ಮಾಡುತ್ತೇವೆ. ಹಣ ಒಟ್ಟಿಗೆ, ಸಾಮಾನು ಇಡುವ ಪೆಟ್ಟಿಗೆಯೂ ಒಟ್ಟಿಗೆ. ಪಿಕಾಸಿ, ಕೊಡಲಿ, ಗುದ್ದಲಿ, ನೀರಿನ ಕ್ಯಾನ್ ಮಾತ್ರ ಅವರವರದು. ಆಟದಲ್ಲಿ ಆಗ ಮೊದಲ ವಸಂತದ 9ನೇ ದಿನ ಮುಗಿದಿತ್ತು.

ನಾನು: ಪೆಟ್ಟಿಗೆಯಲ್ಲಿ ಐದು ತಾಮ್ರದ ಗಟ್ಟಿ ಇತ್ತಲ್ಲ, ಎಲ್ಲಿ ಹೋಯಿತು? ಹಣದಲ್ಲೂ 2,000 ಕಡಿಮೆ ಇದೆ.

ನಿಶಾ: ನಾನು ಮುಟ್ಟಿಲ್ಲ ಅಕ್ಕ. ಕರಗಿಸಿ ಇಟ್ಟದ್ದೇ ನಾನು.

ಚೇತನ್: ನಾನು ತೆಗೆದೆ. ಪಿಕಾಸಿಯನ್ನು ಕಮ್ಮಾರ ಕ್ಲಿಂಟ್‌ಗೆ ಕೊಟ್ಟಿದ್ದೇನೆ, ತಾಮ್ರದ್ದು ಮಾಡೋಕೆ. 11ಕ್ಕೆ ಕೈಗೆ ಬರುತ್ತೆ.

ನಾನು: ಯಾರನ್ನು ಕೇಳಿ ಕೊಟ್ಟೆ? ಅದು ಚಿಕ್ಕಪ್ಪನ ಕ್ಯಾನ್‌ಗೆ ಅಂತ ಮಾತಾಗಿತ್ತು.

ಚೇತನ್: ಒಟ್ಟು ಹಣ ಅಲ್ವಾ ಅಕ್ಕ. ಪಿಕಾಸಿ ಚೆನ್ನಾಗಿದ್ದರೆ ಕಡಿಮೆ ಏಟಿಗೆ ಕಲ್ಲು ಒಡೆಯುತ್ತೆ. ಗಣಿಯಲ್ಲಿ ಬೇಗ ಕೆಳಗೆ ಇಳಿಯಬಹುದು. 40ನೇ ಅಂತಸ್ತು ಮುಟ್ಟಿದರೆ ಕಬ್ಬಿಣ ಸಿಗುತ್ತೆ. ಕಬ್ಬಿಣ ಬಂದರೆ ಸ್ಪ್ರಿಂಕ್ಲರ್ ಮಾಡಬಹುದು. ಸ್ಪ್ರಿಂಕ್ಲರ್ ಬಂದ ಮೇಲೆ ಕ್ಯಾನ್ ಯಾರಿಗೆ ಬೇಕು?

ನಿಶಾ: ಅಣ್ಣ, ಒಂದು ಗಟ್ಟಿಗೆ ಐದು ಅದಿರು, ಒಂದು ಕಲ್ಲಿದ್ದಲು. ಐದು ಗಟ್ಟಿ ಅಂದರೆ 25 ಅದಿರು. ಹಳೇ ಪಿಕಾಸಿಯಲ್ಲಿ ಕುಟ್ಟಿ ಕುಟ್ಟಿ ತಂದದ್ದು ನಾನು. ಒಂದು ಮೆಸೇಜ್ ಹಾಕಬಹುದಿತ್ತು.

ಚೇತನ್: ನೀನು ಆಗಲೇ ಮಲಗಿದ್ದೆ ಮಾರಾಯ್ತಿ. ಕ್ಲಿಂಟ್ 4 ಗಂಟೆಗೆ ಅಂಗಡಿ ಮುಚ್ಚುತ್ತಾನೆ.

ನಿಶಾ: ಅಂಗಡಿ ಮುಚ್ಚುವ ಹೊತ್ತಿಗೆ ನಾನು ಗಣಿಯಲ್ಲೇ ಇದ್ದೆ. ಮಲಗಿದ್ದು ಅದಾದ ಮೇಲೆ.

ನಾನು: ಚೇತು, ಸ್ಪ್ರಿಂಕ್ಲರ್ ಮಾತು ಆಮೇಲೆ. ಮೊದಲು ನೀರಿನ ಲೆಕ್ಕ ಕೇಳು. ಈಗ ಅರವತ್ತು ಗಿಡ ಇದೆ. ಆಲೂಗಡ್ಡೆ, ಹೂಕೋಸು ಎರಡೂ ಸೇರಿ. ಹಳೇ ಕ್ಯಾನಿನಲ್ಲಿ ಒಂದು ಗಿಡಕ್ಕೆ 2 ಶಕ್ತಿ ಹೋಗುತ್ತೆ. ಅರವತ್ತಕ್ಕೆ 120 ಹತ್ತಿರ. ಚಿಕ್ಕಪ್ಪನಿಗೆ ದಿನಕ್ಕೆ ಇರುವುದೇ 270. ಕ್ಯಾನಿನಲ್ಲಿ ಹಿಡಿಯುವುದು 40 ಸಲದ ನೀರು, ಹಾಗಾಗಿ ನಡುವೆ ಕೊಳಕ್ಕೆ ಹೋಗಿ ತುಂಬಿಸಿಕೊಂಡು ಬರಬೇಕು. ದಿನಾ ಬೆಳಿಗ್ಗೆ 6ಕ್ಕೆ ಎದ್ದು ಅವರು ಮಾಡುವುದು ಇಷ್ಟೇ. ಒಂದು ಚೌಕ, ಇನ್ನೊಂದು ಚೌಕ, ಮತ್ತೊಂದು. ನಾವು ಮೂರು ಜನ ಗಣಿ, ಕಾಡು, ಪೇಟೆ ಅಂತ ತಿರುಗುತ್ತೇವೆ. ತಾಮ್ರದ ಕ್ಯಾನ್ ಆದರೆ ಸಾಲಾಗಿ ಮೂರು ಗಿಡಕ್ಕೆ ಒಂದೇ ಸಲ ನೀರು ಬೀಳುತ್ತೆ, ಹಿಡಿಯುವುದೂ 55.

ಚೇತನ್: ಒಂದು ದಿನ ನೀರು ತಪ್ಪಿದರೆ ಗಿಡ ಸಾಯಲ್ಲ ಅಕ್ಕ. ಆ ದಿನ ಬೆಳೆಯಲ್ಲ, ಅಷ್ಟೇ.

ನಾನು: ಅದಕ್ಕೇ ಹೇಳುತ್ತಿರುವುದು. 13ಕ್ಕೆ ಮೊಟ್ಟೆ ಹಬ್ಬ. ಸ್ಟ್ರಾಬೆರಿ ಬೀಜ ಸಿಗುವುದು ಅವತ್ತೇ, ಒಂದಕ್ಕೆ 100. ಅದೇ ರಾತ್ರಿ ನೆಟ್ಟು ನೀರು ಹಾಕಿದರೆ 21ಕ್ಕೆ ಮೊದಲ ಕೊಯ್ಲು, 25ಕ್ಕೆ ಎರಡನೆಯದು. ಮೂರು ದಿನಕ್ಕಿಂತ ಜಾಸ್ತಿ ನೀರು ತಪ್ಪಿತೋ, ಎರಡನೇ ಕೊಯ್ಲು ಕೈಬಿಟ್ಟು ಹೋಯಿತು. 28ಕ್ಕೆ ವಸಂತವೇ ಮುಗಿಯುತ್ತೆ. ಆಮೇಲೆ ಸ್ಟ್ರಾಬೆರಿ ಒಣಗಿ ನಿಲ್ಲುತ್ತೆ.

ನಾನು: ಇನ್ನೊಂದು. 9ರ ಬೆಳಿಗ್ಗೆ ಆಟದ ಟಿವಿಯಲ್ಲಿ ನಾಳೆ ಮಳೆ ಅಂತ ಬಂದಿತ್ತು, ನೋಡಿದ್ದೀಯಲ್ಲ? ಮಳೆ ದಿನ ಯಾರೂ ನೀರು ಹಾಕಬೇಕಾಗಿಲ್ಲ. ಕ್ಯಾನ್ ಕ್ಲಿಂಟ್ ಹತ್ತಿರ ಇದ್ದರೂ ನಷ್ಟ ಇಲ್ಲ. ಎಲ್ಲರೂ ಗಣಿಗೆ ಇಳಿಯಬೇಕಾದ ದಿನ ಅದು. ನೀನು ಗಣಿಗೆ ಹೋಗುವ ದಿನವೇ ಪಿಕಾಸಿ ಕೊಟ್ಟು ಕೂತಿದ್ದೀಯ!

ನಿಶಾ: 👆 ಇದಕ್ಕೆ ಹೇಳು ಅಣ್ಣ.

(ಈ ಮಾತಿಗೆ ಅವನು ಸ್ವಲ್ಪ ಹೊತ್ತು ಏನೂ ಬರೆಯಲಿಲ್ಲ. ಹೊಸದಾಗಿ ಆಡುವವರು ಇದೊಂದನ್ನು ನೆನಪಿಟ್ಟುಕೊಂಡರೆ ಸಾಕು. ಬೆಳಿಗ್ಗೆ ಎದ್ದ ಕೂಡಲೇ ಟಿವಿ ಹಾಕಿ ಮರುದಿನದ ಹವಾಮಾನ ನೋಡಿ. ಮಳೆ ಇದೆ ಅಂದರೆ ಅವತ್ತಿನ ನೀರು ಮುಗಿಸಿ ಕ್ಯಾನನ್ನು ಕಮ್ಮಾರನಿಗೆ ಕೊಡಿ.)

ಚೇತನ್: ಹೀಗೆ ಪ್ರತಿಯೊಂದಕ್ಕೂ ಕೇಳಬೇಕು ಅಂದರೆ ಹಣ ಬೇರೆ ಮಾಡಿಬಿಡೋಣ. ಮೇಯರ್ ಲೂಯಿಸ್ ಮನೆಯಲ್ಲಿ ಲೆಕ್ಕದ ಪುಸ್ತಕ ಇದೆ. ಅಲ್ಲಿ ಒತ್ತಿದರೆ ಮರುದಿನದಿಂದ ಅವರವರ ಹಣ ಅವರವರಿಗೆ.

ಚಿಕ್ಕಮ್ಮ: ಏನು ಮಕ್ಕಳೇ ಇಷ್ಟೊಂದು ಮೆಸೇಜ್. ಇಲ್ಲಿ ಮಳೆ ಜೋರು, ಬೆಳಿಗ್ಗೆಯಿಂದ ಕರೆಂಟ್ ಇಲ್ಲ. ಚಿಕ್ಕಪ್ಪ ತೋಟಕ್ಕೆ ಹೋಗಿದ್ದಾರೆ, ಲೈನಿನ ಮೇಲೆ ಕೊಂಬೆ ಬಿದ್ದಿದೆಯಂತೆ. ಬಂದ ಮೇಲೆ ನೋಡುತ್ತಾರೆ.

ನಾನು: ಚಿಕ್ಕಮ್ಮ, ಗಾಬರಿ ಬೇಡ. ಆಟದ ವಿಷಯ.

ಚಿಕ್ಕಮ್ಮ: ಗೊತ್ತು. ರಾತ್ರಿ ಊಟಕ್ಕೆ ಕರೆದರೆ ಹೂಕೋಸಿಗೆ ನೀರು ಹಾಕಿ ಬರುತ್ತೇನೆ ಅನ್ನುತ್ತಾರೆ.

ನಾನು: ಚೇತು, ಹಣ ಬೇರೆ ಮಾಡಿದರೆ ಏನಾಗುತ್ತೆ ಹೇಳಲಾ? ಮಾರುವ ಪೆಟ್ಟಿಗೆಗೆ ಯಾರು ಹಾಕುತ್ತಾರೋ ದುಡ್ಡು ಅವರಿಗೆ. ನೀರು ಹಾಕಿದವರಿಗೆ ಒಂದು ಕಾಸೂ ಬರಲ್ಲ. ಅದಿರು ತಂದವಳಿಗೂ ಬರಲ್ಲ, ಆ ತಾಮ್ರ ನಮ್ಮ ಉಪಕರಣಕ್ಕೇ ಹೋಗುತ್ತಲ್ಲ. ಕೊನೆಗೆ ಆಲೂಗಡ್ಡೆ ಕಿತ್ತು ಹಾಕಿದವನು ಶ್ರೀಮಂತ. ದಿನಾ ಮಾಡುವ ಕೆಲಸ ಲೆಕ್ಕಕ್ಕೆ ಸಿಗುವುದೇ ಇಲ್ಲ. ಅದಕ್ಕೇ ನನಗೆ ಒಟ್ಟು ಹಣ ಇಷ್ಟ. ಆದರೆ ಒಟ್ಟು ಹಣದಲ್ಲಿ ಮೊದಲ ಉಪಕರಣ ದಿನಾ ದುಡಿಯುವ ಕೈಗೆ ಹೋಗಬೇಕು. ಮಿಕ್ಕವರದು ಆಮೇಲೆ. ಇದನ್ನು ನಾನು ಬಿಡಲ್ಲ.

ಚೇತನ್: ಸ್ಪ್ರಿಂಕ್ಲರ್ ಬಗ್ಗೆ ಮಾತ್ರ ನೀನು ಏನೂ ಹೇಳಲಿಲ್ಲ.

ನಾನು: ಹೇಳುತ್ತೇನೆ. ಮೊದಲ ಸ್ಪ್ರಿಂಕ್ಲರಿಗೆ ಒಂದು ತಾಮ್ರ, ಒಂದು ಕಬ್ಬಿಣದ ಗಟ್ಟಿ. ನೀರು ಬೀಳುವುದು ಸುತ್ತಲಿನ ನಾಲ್ಕೇ ಗಿಡಕ್ಕೆ. ಅರವತ್ತು ಗಿಡಕ್ಕೆ ಹದಿನೈದು ಬೇಕು. ಎಂಟು ಗಿಡದ್ದು ಬೇಕಾದರೆ ಕೃಷಿಯಲ್ಲಿ 6ನೇ ಹಂತ ಮುಟ್ಟಬೇಕು, ಚಿನ್ನದ ಗಟ್ಟಿಯೂ ಬೇಕು. ಚಿನ್ನ ಇರುವುದು 80ನೇ ಅಂತಸ್ತಿನಿಂದ ಕೆಳಗೆ. ಈ ವಸಂತದಲ್ಲಿ ಅದು ಆಗುವ ಮಾತಲ್ಲ.

ನಿಶಾ: ಅಪ್ಪನ ಆಸೆ ಬೇರೆಯೇ ಇದೆ. ಆಟದಲ್ಲಿ ಶುಕ್ರವಾರ, ಭಾನುವಾರ ಬರುವ ವ್ಯಾಪಾರಿಯ ಗಾಡಿಯಲ್ಲಿ ಒಮ್ಮೊಮ್ಮೆ ಕಾಫಿ ಬೀಜ ಇರುತ್ತೆ, 2,500ಕ್ಕೆ. ಅದು ಕಂಡರೆ ಬಿಡಬೇಡ ಅಂದಿದ್ದಾರೆ.

ಚಿಕ್ಕಪ್ಪ: ಈಗ ಕರೆಂಟ್ ಬಂತು. ಎಲ್ಲಾ ಓದಿದೆ. ಕಾಫಿ ವಿಷಯ ನಿಜ. ನೆಟ್ಟು 10 ದಿನಕ್ಕೆ ಫಸಲು, ಆಮೇಲೆ ಎರಡು ದಿನಕ್ಕೊಮ್ಮೆ ಬಿಡುತ್ತೆ. ವಸಂತ, ಬೇಸಿಗೆ ಎರಡರಲ್ಲೂ ನಿಲ್ಲುತ್ತೆ. ನಮ್ಮಲ್ಲಿ ಗಿಡ ನೆಟ್ಟರೆ ಮೂರು ನಾಲ್ಕು ವರ್ಷ ಕಾಯಬೇಕು, ಹೂ ಅರಳಿಸುವ ಹೂಮಳೆ ಬರುತ್ತೋ ಇಲ್ವೋ ಅಂತ ಆಕಾಶ ನೋಡಬೇಕು. ಅಲ್ಲಿ ಕ್ಯಾನ್ ಇದ್ದರೆ ಸಾಕು. ದಿನಾ ನೀರು ಬೇಕು ಅಷ್ಟೇ.

ಚೇತನ್: ಚಿಕ್ಕಪ್ಪ, ನೀವೇ ಹೇಳಿ. ಪಿಕಾಸಿ ಮೊದಲು ಅಂದದ್ದು ಅಷ್ಟು ದೊಡ್ಡ ವಿಷಯವಾ?

ಚಿಕ್ಕಪ್ಪ: ಪಿಕಾಸಿ ಬೇಕು ಮಗ, ಬೇಡ ಅನ್ನಲ್ಲ. ಆದರೆ ನಿಶಾ ತಂದ ತಾಮ್ರ ಅದು. ನನ್ನನ್ನು ಕೇಳದಿದ್ದರೆ ಬೇಜಾರಿಲ್ಲ, ಅವಳನ್ನು ಕೇಳಬೇಕಿತ್ತು. ಹಣ ಬೇರೆ ಮಾಡುವ ಮಾತು ಮಾತ್ರ ಬೇಡ. ಈ ಮಳೆಯಲ್ಲಿ ನಾವು ನಾಲ್ಕು ಜನ ದಿನಾ ಮಾತಾಡುವುದು ಈ ತೋಟದ ದೆಸೆಯಿಂದ.

ನಿಶಾ: 9ರ ರಾತ್ರಿಗೆ ಹಿಂದೆ ಹೋಗೋಕೆ ಆಗಲ್ವಾ? ಸೇವ್ ಮಾಡದೆ ಮುಚ್ಚಿದರೆ?

ಚೇತನ್: ಎಲ್ಲರೂ ಮಲಗಿ ಆಯಿತಲ್ಲ, ಆಗಲೇ ಸೇವ್ ಆಗಿದೆ. ಈಗ 10ರ ಬೆಳಿಗ್ಗೆ, ಮಳೆ ಬರುತ್ತಿದೆ.

ನಾನು: ಹಾಗಾದರೆ ಇವತ್ತಿನ ಮಳೆಯನ್ನಾದರೂ ಬಳಸೋಣ. ನಿಶಾ, ನಾನು, ಚಿಕ್ಕಪ್ಪ ಮೂವರೂ 6 ಗಂಟೆಗೇ ಗಣಿಗೆ. 25 ಅದಿರು ಮಧ್ಯಾಹ್ನ 12ರ ಒಳಗೆ ಬೇಕು. ಕುಲುಮೆಯನ್ನು ಗಣಿ ಬಾಗಿಲಲ್ಲೇ ಇಡೋಣ. ಒಂದು ಗಟ್ಟಿಗೆ ಆಟದ ಅರ್ಧ ಗಂಟೆ, ಐದಕ್ಕೆ ಎರಡೂವರೆ. 4ರ ಒಳಗೆ ಕ್ಲಿಂಟ್ ಹತ್ತಿರ ಚಿಕ್ಕಪ್ಪನ ಕ್ಯಾನ್ ಇರಬೇಕು. ಆಗ 12ಕ್ಕೆ ಸಿಗುತ್ತೆ. 11ಕ್ಕೆ ಕೊಟ್ಟರೆ 13ಕ್ಕೆ ಹಬ್ಬದ ಗಲಾಟೆ, ಅಂಗಡಿ ಸಿಗಲ್ಲ.

ಚಿಕ್ಕಪ್ಪ: ಹಣ?

ನಾನು: 2,300 ಇದೆ. ಕ್ಯಾನ್‌ಗೆ 2,000 ಹೋದರೆ ಉಳಿಯುವುದು ಮೂರೇ ಸ್ಟ್ರಾಬೆರಿಗೆ.

ಚಿಕ್ಕಪ್ಪ: ಪರವಾಗಿಲ್ಲ. ಇರುವ ಗಿಡಕ್ಕೇ ನೀರು ಹಾಕಿ ಮುಗಿಯುತ್ತಿಲ್ಲ. ಮೊದಲು ಕ್ಯಾನ್ ಆಗಲಿ. ಹಬ್ಬಕ್ಕೆ ಮೊದಲು ಆಲೂಗಡ್ಡೆ ಕೀಳುತ್ತೇವಲ್ಲ, ಆ ದುಡ್ಡು ಬೀಜಕ್ಕೆ.

ನಿಶಾ: ಚೇತಣ್ಣ ಸುಮ್ನೆ ಕೂರುವುದು ಯಾಕೆ? ಬಿದಿರಿನ ಗಾಳ ಇದೆಯಲ್ಲ. ಮಳೆ ದಿನ ಹೊಳೆಯಲ್ಲಿ ಕ್ಯಾಟ್‌ಫಿಶ್ ಬರುತ್ತೆ, ಒಂದಕ್ಕೆ 200. ಎಳೆಯುವುದು ಕಷ್ಟ, ತಪ್ಪಿಸಿಕೊಳ್ಳುತ್ತೆ. ಶಾಡ್ ಸಿಕ್ಕಿದರೂ 60.

ಚೇತನ್: ಸರಿ. ಮೀನಿನ ದುಡ್ಡೆಲ್ಲಾ ಸ್ಟ್ರಾಬೆರಿಗೆ. ಪಿಕಾಸಿ ಮೊದಲು ಅನ್ನುವುದು ನನಗೆ ಈಗಲೂ ಸರಿ ಅನಿಸುತ್ತೆ, ಆದರೆ ಕೇಳದೆ ಪೆಟ್ಟಿಗೆ ಮುಟ್ಟಲ್ಲ.

ನಾನು: ಇನ್ನೊಂದು ಕೆಲಸ. ನೀನು ನೀರು ಹಾಕುವುದೇ ಇಲ್ಲ, ನಿನ್ನ ಕ್ಯಾನ್ ಸುಮ್ನೆ ಬಿದ್ದಿದೆ. ಅದನ್ನು ಪೆಟ್ಟಿಗೆಗೆ ಹಾಕು. 11ರ ಬೆಳಿಗ್ಗೆ ಚಿಕ್ಕಪ್ಪ ಅದರಲ್ಲಿ ಹಾಕಲಿ.

ಚೇತನ್: ಆಯಿತು. ರಾತ್ರಿ 9ಕ್ಕೆ ಎಲ್ಲರೂ ಬನ್ನಿ. ಆಟ ನಡೆಯುವುದು ನನ್ನ ಕಡೆಯಿಂದ ಅಲ್ವಾ, ಇಲ್ಲಿ ಕರೆಂಟ್ ಹೋದರೆ ಎಲ್ಲರದೂ ಕಟ್ ಆಗುತ್ತೆ, ಆ ದಿನದ ಕೆಲಸವೂ ಹೋಗುತ್ತೆ. ಅದಕ್ಕೇ ಯುಪಿಎಸ್ ಚಾರ್ಜಿಗೆ ಹಾಕಿದ್ದೇನೆ.

ಚಿಕ್ಕಪ್ಪ: ಚೇತು, ಕ್ಯಾನ್ ಪೆಟ್ಟಿಗೆಗೆ ಹಾಕುವ ಮೊದಲು ಕೊಳದಲ್ಲಿ ತುಂಬಿಸಿ ಇಡು.