ಪೆರುವಿನ ಡಾಲ್ಫಿನ್, ಗಂಗಾ ನದಿಯ ಸಂಬಂಧಿ?

ಪ್ರಶ್ನೆ: ಪೆರುವಿನಲ್ಲಿ ಸಿಕ್ಕ ಪೆಬನಿಸ್ಟಾ ಅನ್ನೋ ಹಳೇ ಡಾಲ್ಫಿನ್‌ಗೆ ನಮ್ಮ ಗಂಗಾ ಡಾಲ್ಫಿನ್ ಹತ್ತಿರದ ಸಂಬಂಧಿಯಂತೆ. ಅಮೆಜಾನ್‌ನಲ್ಲೇ ಗುಲಾಬಿ ಡಾಲ್ಫಿನ್ ಇದೆಯಲ್ಲ ಮೇಡಂ, ಅದನ್ನು ಬಿಟ್ಟು ಗಂಗೆಗೆ ಹೇಗೆ ನಂಟು?

ಉತ್ತರ (ಪಳೆಯುಳಿಕೆ ತಜ್ಞೆ): ಸುದ್ದಿ ನಿಜ. 2018ರಲ್ಲಿ ನಾಪೊ ನದಿಯ ದಡದಲ್ಲಿ ಇದರ ತಲೆಬುರುಡೆ ಸಿಕ್ಕಿತು. ಪಳೆಯುಳಿಕೆ ವಿಜ್ಞಾನಿ ಆಲ್ಡೊ ಬೆನಿಟೆಸ್-ಪಾಲೊಮಿನೊ ತಂಡ 2024ರಲ್ಲಿ ಹೆಸರಿಟ್ಟಿತು: ಪೆಬನಿಸ್ಟಾ ಯಾಕುರೂನಾ. ಯಾಕುರೂನಾ ಅಂದರೆ ಅಲ್ಲಿನ ಕಥೆಗಳಲ್ಲಿ ನೀರಿನೊಳಗೆ ವಾಸಿಸುವ ಜನ. ವಯಸ್ಸು ಸುಮಾರು 1.6 ಕೋಟಿ ವರ್ಷ.

ಗುಲಾಬಿ ಡಾಲ್ಫಿನ್‌ನ ಅಜ್ಜ ಅಂತ ಮೊದಲು ಯಾರಿಗಾದರೂ ಅನಿಸೋದೇ. ಆದರೆ ಕಣ್ಣಿನ ಮೇಲ್ಭಾಗದ ಮೂಳೆಯ ಏಣು ನೋಡಿ. ಗಂಗಾ ಡಾಲ್ಫಿನ್‌ಗೂ ಅಂಥದ್ದೇ ಇದೆ. ಅದು ಹಣೆಯಿಂದ ಮುಂದಕ್ಕೆ ಕಳಿಸುವ ಶಬ್ದಕ್ಕೆ ದಿಕ್ಕು ಕೊಡುತ್ತದೆ. ಗಂಗೆಯ ಮಣ್ಣು ನೀರಲ್ಲಿ ಕಣ್ಣು ಜಾಸ್ತಿ ಕೆಲಸಕ್ಕೆ ಬರಲ್ಲ. ಪ್ರತಿಧ್ವನಿ ಕೇಳಿಯೇ ಮೀನು ಹುಡುಕಬೇಕು.

ಪ್ರಶ್ನೆ: ಹಾಗಾದರೆ ಪೆರುವಿಂದ ಇಲ್ಲಿಗೆ ಈಜಿಕೊಂಡು ಬಂತಾ?

ಉತ್ತರ: ಇಲ್ಲ ಇಲ್ಲ, ಹಾಗೆ ತಿಳ್ಕೋಬೇಡಿ! ಈ ಕುಟುಂಬದ ಮೂಲ ಸಮುದ್ರ. ಅಮೆರಿಕದ ಮೇರಿಲ್ಯಾಂಡ್‌ನ ಕಡಲತೀರದ ಬಂಡೆಗಳಲ್ಲೂ ಇದರ ನಂಟನಾದ ಝಾರ್ಹಾಕಿಸ್ ಅನ್ನೋ ಹಳೇ ಡಾಲ್ಫಿನ್ ಸಿಕ್ಕಿದೆ. ಒಂದು ಕವಲು ದಕ್ಷಿಣ ಅಮೆರಿಕದ ಸಿಹಿನೀರಿಗೆ ನುಗ್ಗಿತು, ಇನ್ನೊಂದು ನಮ್ಮ ಕಡೆಯ ನದಿಗಳಿಗೆ. ಸಮುದ್ರದಲ್ಲಿ ಉಳಿದವು ಅಳಿದುಹೋದವು. ಗುಲಾಬಿ ಡಾಲ್ಫಿನ್‌ನದ್ದು ಬೇರೆ ವಂಶ, ಅದು ಅಮೆಜಾನ್‌ಗೆ ಬಂದ ದಾರಿಯೂ ಬೇರೆ.

ಪ್ರಶ್ನೆ: ಎಷ್ಟು ದೊಡ್ಡದು? ಯಾಕೆ ಅಳಿಯಿತು? ಕಾರವಾರದಲ್ಲಿ ದೋಣಿಯಿಂದ ಕಾಣೋ ಡಾಲ್ಫಿನ್‌ಗಳೂ ಇದೇ ಕುಟುಂಬವಾ ಮೇಡಂ?

ಉತ್ತರ: ಮೂರರಿಂದ ಮೂರೂವರೆ ಮೀಟರ್. ಗೊತ್ತಿರುವ ಸಿಹಿನೀರಿನ ಡಾಲ್ಫಿನ್‌ಗಳಲ್ಲೇ ಇದು ದೊಡ್ಡದು. ಲೆಕ್ಕ ಹಾಕಿದ್ದು ಬರೀ ತಲೆಬುರುಡೆಯಿಂದ, ಆದ್ದರಿಂದ ಚಿತ್ರಗಳಲ್ಲಿ ಕಾಣುವ ಬಾಲ, ರೆಕ್ಕೆ, ಬಣ್ಣ ಎಲ್ಲ ಕಲಾವಿದರ ಊಹೆ ಅಂದ್ಕೊಳ್ಳಿ.

ಆಗ ಅಲ್ಲಿ ಈಗಿನ ಅಮೆಜಾನ್ ಇರಲೇ ಇಲ್ಲ. ಪೆಬಾಸ್ ಎನ್ನುವ ಕೆರೆ, ಜೌಗುಗಳ ಭಾರೀ ನೀರ್ನೆಲೆ ಇತ್ತು. ಆಂಡಿಸ್ ಪರ್ವತಗಳು ಎತ್ತರಕ್ಕೆ ಏಳುತ್ತಾ ಹೋದಂತೆ ನೀರು ಹರಿಯುವ ದಾರಿ ಬದಲಾಯಿತು. ಸುಮಾರು ಒಂದು ಕೋಟಿ ವರ್ಷದ ಹಿಂದೆ ಪೆಬಾಸ್ ಮುಗಿಯಿತು. ಅಲ್ಲಿನ ಬೇಟೆ ಹೋಯಿತು, ಇವೂ ಹೋದವು ಅನ್ನೋದು ಆ ತಂಡದ ವಿವರಣೆ. ನನಗೂ ಅದು ಸರಿ ಅನಿಸುತ್ತದೆ.

ಕಾರವಾರದವು ಗೂನುಬೆನ್ನಿನ ಕಡಲ ಡಾಲ್ಫಿನ್‌ಗಳು, ಕುಟುಂಬವೇ ಬೇರೆ. ಪೆಬನಿಸ್ಟಾದ ಹತ್ತಿರದ ನಂಟರು ಈಗ ಗಂಗಾ, ಬ್ರಹ್ಮಪುತ್ರ, ಸಿಂಧೂ ನದಿಗಳಲ್ಲಿ ಮಾತ್ರ ಇದ್ದಾರೆ.